ಹಳೇ ಹೊಲಿಗೆ ಮಷೀನಿನ ಡಬ್ಬಿಯಲ್ಲಿ 11 ಸಾಮಾನು: ಯಾವುದು ಯಾವ ಫುಟ್?

ಸೂಜಿದಾರ, ಸೋಮವಾರಪೇಟೆ

ಕಾಲಲ್ಲಿ ತುಳಿಯುವ ಕಪ್ಪು ಮಷೀನು. ನೇರ ಹೊಲಿಗೆ ಮಾತ್ರ, ಜಿಗ್‌ಜಾಗ್ ಇಲ್ಲ. ಜೊತೆಗೊಂದು ತಗಡಿನ ಡಬ್ಬಿ ಇದೆ, ತುಂಬ ಫುಟ್‌ಗಳು, ಅಂದರೆ ಹೊಲಿಯುವಾಗ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದಗಳು. ಪುಸ್ತಕ ಇಲ್ಲ. ಫೋಟೊ ಅಪ್‌ಲೋಡ್ ಆಗುತ್ತಿಲ್ಲ, ಹಾಗಾಗಿ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ ಬರೆದಿದ್ದೇನೆ.

1. ಮುಂದುಗಡೆ ಬಸವನಹುಳದ ಚಿಪ್ಪಿನ ಹಾಗೆ ಸುರುಳಿ ಇರುವ ಸಣ್ಣ ಫುಟ್.
2. ಅಗಲ ತಗಡು, ಮೇಲೆ ಅಳತೆಯ ಗೆರೆಗಳು. ತಿರುಪು ಸಡಿಲಿಸಿದರೆ ಒಳಗಿನ ಪಟ್ಟಿ ಜಾರುತ್ತದೆ.
3. ಚಪ್ಪಟೆ ತಗಡು, 1ರಿಂದ 5ರ ತನಕ ನಂಬರು ಹಾಕಿದ ಸೀಳುಗಳು.
4. ಆಲಿಕೆಯ ಥರದ ಮೂತಿ, ಬದಿಯಲ್ಲಿ ಒಂದರ ಪಕ್ಕ ಒಂದು ಸೀಳು.
5. ಎಲ್ಲಕ್ಕಿಂತ ದೊಡ್ಡದು. ಪಕ್ಕದಲ್ಲಿ ಕವೆಯ ಥರ ತೋಳು, ಅಡಿಯಲ್ಲಿ ನೀಲಿ ಬಣ್ಣದ ಎರಡು ತೆಳು ಪಟ್ಟಿ. ಎದುರಿಗೆ 1, 6, 12.
6. ಇದಕ್ಕೂ ತೋಳಿದೆ, ಆದರೆ ಚಪ್ಪಟೆ. ಎರಡು ಸ್ಕೇಲ್, ಒಂದು ಸಣ್ಣ ಚೂಪು ಮೂತಿ.
7. ಒಂದೇ ಬೆರಳಿನ ಫುಟ್. ಹಿಂದಿನ ತಿರುಪು ಬಿಟ್ಟರೆ ಎಡಕ್ಕೂ ಬಲಕ್ಕೂ ಜಾರುತ್ತದೆ.
8. ನೋಡಲು ಮಾಮೂಲಿ ಫುಟ್, ಆದರೆ ಅಡಿ ಮಟ್ಟವಿಲ್ಲ. ಮುಂದೆ ದಪ್ಪ, ಹಿಂದೆ ಎತ್ತಿದ ಹಾಗಿದೆ.
9. ಉದ್ದ ತೂತಿರುವ ಸಣ್ಣ ಮಡಿಸಿದ ತುಂಡು, ಜೊತೆಗೆ ಕೈಯಲ್ಲೇ ತಿರುಗಿಸುವ ಒಂದು ತಿರುಪು.
10. ಎರಡು ಬೆರಳಲ್ಲಿ ಒಂದು ಸ್ಪ್ರಿಂಗ್ ಮೇಲೆ ಕೂತಿದೆ, ಒತ್ತಿದರೆ ಮೇಲೆ ಹೋಗುತ್ತದೆ. ಕತ್ತು ಉದ್ದ.
11. ಕತ್ತೇ ಇಲ್ಲ. ಮೇಲೆ ಅಡ್ಡಕ್ಕೊಂದು ಸಣ್ಣ ಕಡ್ಡಿ, ಇಂಗ್ಲಿಷಿನ 'ಎ' ಅಕ್ಷರ.

ಆಗಬೇಕಾದ ಕೆಲಸ ಮೂರು: ಹೆಂಗಸರು ತಲೆಗೆ ಕಟ್ಟುವ ವಸ್ತ್ರದ ಅಂಚು, ಮಕ್ಕಳ ಫ್ರಾಕಿಗೆ ಫ್ರಿಲ್, ಒಂದು ಉಣ್ಣೆ ಕುಪ್ಯದ (ಕೊಡವ ಗಂಡಸರ ನಿಲುವಂಗಿ) ಕೆಳ ಅಂಚು. ಎಲ್ಲದಕ್ಕೂ ಅಷ್ಟಿಷ್ಟು ತುಕ್ಕು ಹಿಡಿದಿದೆ.

ತಿರುಪುಳಿ, ಗೋಣಿಕೊಪ್ಪ

ಹೆಸರು ಆಮೇಲೆ. ಮೊದಲು ಫುಟ್ಟನ್ನು ಮಷೀನಿಗೆ ಕಟ್ಟುವ ಕತ್ತು, ಅಂದರೆ ಶ್ಯಾಂಕ್, ಅಳೆಯಿರಿ. ಮಷೀನಿನಲ್ಲಿ ಈಗ ಇರುವ ಫುಟ್ಟನ್ನು ಬಟ್ಟೆ ಇಲ್ಲದೆ ಸೂಜಿಯಡಿಯ ಪ್ಲೇಟಿನ ಮೇಲೆ ಇಳಿಸಿ. ಪ್ಲೇಟಿನಿಂದ ಫುಟ್ ಕಟ್ಟುವ ತಿರುಪಿನ ನಡುಮಧ್ಯದ ತನಕ ಸ್ಕೇಲ್ ನಿಲ್ಲಿಸಿ ನೋಡಿ. ಅರ್ಧದಿಂದ ಮುಕ್ಕಾಲು ಇಂಚಿನೊಳಗೆ ಬಂದರೆ ಲೋ ಶ್ಯಾಂಕ್. 1 ಇಂಚು ಅಥವಾ ಅದಕ್ಕಿಂತ ಮೇಲೆ ಬಂದರೆ ಹೈ ಶ್ಯಾಂಕ್. ನಮ್ಮ ಕಡೆ ಮನೆಗಳಲ್ಲಿರುವ ಕಪ್ಪು ಉಷಾ, ಸಿಂಗರ್, ಮೆರಿಟ್ ನೇರ ಹೊಲಿಗೆ ಮಷೀನುಗಳು ಸಾಮಾನ್ಯವಾಗಿ ಲೋ ಶ್ಯಾಂಕ್. ಗಾರ್ಮೆಂಟ್ಸಿನ ಪವರ್ ಮಷೀನುಗಳು ಹೈ ಶ್ಯಾಂಕ್. ಮೂರನೆಯದೊಂದು ಜಾತಿ ಸ್ಲ್ಯಾಂಟ್ ಶ್ಯಾಂಕ್, ಸಿಂಗರ್ 301 ಮತ್ತು 401ರಲ್ಲಿ ಬರುವಂಥದ್ದು. ಅದರಲ್ಲಿ ಸೂಜಿ ಕಡ್ಡಿಯೇ ಓರೆಯಾಗಿರುತ್ತದೆ, ನೋಡಿದ ಕೂಡಲೇ ತಿಳಿಯುತ್ತದೆ. ಒಂದು ಜಾತಿಯ ಫುಟ್ ಇನ್ನೊಂದಕ್ಕೆ ಕೂರುವುದಿಲ್ಲ, ತಿರುಪು ಹಿಡಿದರೂ ಕೂರುವುದಿಲ್ಲ.

ಈ ಲೆಕ್ಕದಲ್ಲಿ ನಿಮ್ಮ 10ನೇದು ಹೊರಗಿನದು. ಒಂದು ಬೆರಳು ಸ್ಪ್ರಿಂಗ್ ಮೇಲಿರುವ ಫುಟ್ ಪವರ್ ಮಷೀನಿನದು, ಅಂಚಿನಿಂದ ಒಂದೇ ದೂರದಲ್ಲಿ ಮೇಲ್ಹೊಲಿಗೆ ಹಾಕಲು ಬಳಸುತ್ತಾರೆ. ಬೆರಳಿನ ಅಂಚು ಬಟ್ಟೆಯ ಮಡಿಕೆಗೆ ಒರಗಿ ಓಡುತ್ತದೆ, ದಪ್ಪ ಬಂದರೆ ಸ್ಪ್ರಿಂಗ್ ಎತ್ತಿಕೊಡುತ್ತದೆ. ಅದನ್ನು ಲೋ ಶ್ಯಾಂಕ್ ಮಷೀನಿಗೆ ಕಟ್ಟಿದರೆ ಕತ್ತು ಉದ್ದವಾಗಿ, ಲಿವರ್ ಎತ್ತಿದಾಗಲೂ ಫುಟ್ ಪ್ಲೇಟಿಗೇ ಅಂಟಿಕೊಂಡಿರುತ್ತದೆ, ಬಟ್ಟೆ ಒಳಗೆ ಹೋಗುವುದಿಲ್ಲ. ಡಬ್ಬಿಗೆ ಆಮೇಲೆ ಯಾರೋ ಹಾಕಿದ್ದು.

11ನೇದೂ ನಿಮ್ಮ ಮಷೀನಿನದಲ್ಲ. ಅದು ಸ್ನ್ಯಾಪ್ ಆನ್ ಫುಟ್, ಈಚಿನ ಕರೆಂಟ್ ಮಷೀನಿನದು. ಆ ಮಷೀನುಗಳಲ್ಲಿ ಕತ್ತು ಬೇರೆ ಭಾಗ, ಅದು ಅಲ್ಲೇ ಇರುತ್ತದೆ. ಅಡಿ ಮಾತ್ರ ಕಡ್ಡಿಗೆ ಕಚ್ಚಿಕೊಂಡು ಬದಲಾಗುತ್ತದೆ. ಲೋ ಶ್ಯಾಂಕಿನ ಹೋಲ್ಡರ್ ಬೇರೆ ಕೊಂಡರೆ ನಿಮ್ಮದಕ್ಕೂ ಕೂರಿಸಬಹುದು, ಆದರೆ ಲಾಭವಿಲ್ಲ. ಸೂಜಿ ಇಳಿಯುವ ಕಿಂಡಿ ಅಡ್ಡಕ್ಕೆ ಅಗಲವಾಗಿದ್ದರೆ ಅದು ಜಿಗ್‌ಜಾಗ್ ಫುಟ್. ನೇರ ಹೊಲಿಗೆ ಮಷೀನಿನಲ್ಲಿ ಅದು ಓಡುತ್ತದೆ ನಿಜ, ತೆಳು ಬಟ್ಟೆಯನ್ನು ಸೂಜಿಯ ಎರಡೂ ಪಕ್ಕ ಒತ್ತಿ ಹಿಡಿಯುವುದಿಲ್ಲ. ಬಟ್ಟೆ ಸೂಜಿಯ ಜೊತೆ ಕೆಳಗಿಳಿದು ಸುಕ್ಕಾಗುತ್ತದೆ. ಇದರ ಉಲ್ಟಾ ಇನ್ನೂ ಅಪಾಯ: ನೇರ ಹೊಲಿಗೆಯ ಸಣ್ಣ ಕಿಂಡಿಯ ಫುಟ್ಟನ್ನು ಜಿಗ್‌ಜಾಗ್ ಮಷೀನಿಗೆ ಕಟ್ಟಿ ಜಿಗ್‌ಜಾಗ್ ಓಡಿಸಿದರೆ ಮೊದಲ ಹೊಡೆತಕ್ಕೇ ಸೂಜಿ ತುಂಡು, ಚೂರು ಕಣ್ಣಿಗೂ ಹಾರಬಹುದು.

ಅಕ್ಷರ ನೋಡಿ ಫುಟ್ ಕೊಳ್ಳುವವರಿಗೆ ಒಂದು ಮಾತು. ಜನೋಮಿಯಲ್ಲಿ 'ಎ' ಅಂದರೆ ಜಿಗ್‌ಜಾಗ್, 'ಆರ್' ಅಂದರೆ ಕಾಜಾ ಫುಟ್. ಬ್ರದರ್‌ನಲ್ಲಿ 'ಎ'ಯೇ ಕಾಜಾ ಫುಟ್, 'ಆರ್' ಬ್ಲೈಂಡ್ ಹೆಮ್, ಹೊಲಿಗೆ ಹೊರಗೆ ಕಾಣದ ಹಾಗೆ ಅಂಚು ಹೊಲಿಯುವುದು. ಮಷೀನಿನ ಹೆಸರು ಹೇಳದೆ ಬರೀ ಅಕ್ಷರ ಹೇಳಿ ತರಿಸಿದರೆ ತಪ್ಪಾಗುವುದು ಸಹಜ.

ಇನ್ನು ನಂಬರು. ಹಳೇ ಸಿಂಗರ್ ಸಾಮಾನಿನ ಮೇಲೆ 'ಸಿಮಾಂಕೋ' ಅಂತ ಕೊರೆದಿರುತ್ತದೆ, ಪಕ್ಕದಲ್ಲಿ ಪಾರ್ಟ್ ನಂಬರು. 35931 ಇದ್ದರೆ ಅಳತೆ ಬದಲಿಸುವ ಹೆಮ್ಮರ್ (ಅಂಚು ಮಡಿಸುವುದು), ಅದು ನಿಮ್ಮ 2ನೇದು. 36865 ಎಡ್ಜ್ ಸ್ಟಿಚರ್, ನಿಮ್ಮ 3ನೇದು. 160359 ಅಂಚಿಗೆ ಪಟ್ಟಿ ಕಟ್ಟುವ ಬೈಂಡರ್, 4ನೇದು. 25527 ಬಟ್ಟೆ ಗೈಡ್, 9ನೇದು. ತುಕ್ಕಿನಡಿ ನಂಬರು ಕಾಣದಿದ್ದರೆ ಸೀಮೆಎಣ್ಣೆ ಒರೆಸಿ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಬೇರೆಯವರು ಮಾಡಿದ ನಕಲಿಗೆ ನಂಬರೇ ಇರದು, ಆಗ ಆಕಾರವೇ ಗತಿ.

5ನೇದು ರಫ್ಲರ್, ನೆರಿಗೆ ಹಾಕುವುದು. 6ನೇದು ಟಕ್ಕರ್, ಮಡಿಕೆ ಟಕ್ಸ್ ಹಾಕುವಾಗ ಮುಂದಿನ ಟಕ್ಸಿನ ಗೆರೆಯನ್ನು ಅದೇ ಒತ್ತಿ ಗುರುತು ಹಾಕುತ್ತಾ ಹೋಗುತ್ತದೆ. ಒಂದು ಸ್ಕೇಲ್ ಟಕ್ಸಿನ ಅಗಲಕ್ಕೆ, ಇನ್ನೊಂದು ಎರಡು ಟಕ್ಸಿನ ನಡುವಿನ ಜಾಗಕ್ಕೆ. ನಿಮ್ಮ ಮೂರು ಕೆಲಸಕ್ಕೆ ಅದು ಬೇಡ, ಎತ್ತಿಡಿ.

ಬಾಬಿನ್ ಅಕ್ಕ, ವಿರಾಜಪೇಟೆ

1ನೇದು ಸಣ್ಣಂಚಿನ ಹೆಮ್ಮರ್. ವಸ್ತ್ರಕ್ಕೆ ಇದೇ ಸರಿ, ಬೇರೆ ಹುಡುಕಬೇಡಿ. ಅಂಚು ಮುಗಿದಾಗ ಸುಮಾರು ಇಂಚಿನ 8ನೇ ಒಂದು ಭಾಗ ಅಗಲ ಬರುತ್ತದೆ.

ಎಲ್ಲರೂ ಸೋಲುವುದು ಮೊದಲ ಎರಡು ಇಂಚಿನಲ್ಲಿ, ಅದಕ್ಕೆ ಅದನ್ನೇ ಬಿಡಿಸಿ ಹೇಳುತ್ತೇನೆ. ಬಟ್ಟೆಯ ಮೂಲೆಯನ್ನು ಕಾಲಿಂಚಿನಷ್ಟು ಓರೆಯಾಗಿ ಕತ್ತರಿಸಿ, ಇಲ್ಲದಿದ್ದರೆ ಮೂಲೆಯ ಗಂಟು ಸುರುಳಿಯ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಬಟ್ಟೆಯ ಒಳಮೈ ಮೇಲಕ್ಕಿರಲಿ. ಬಲಗಡೆಯ ಅಂಚನ್ನು ಎರಡು ಸಲ ಸಣ್ಣಗೆ ಮಡಿಸಿ, ಎರಡು ಮೂರು ಇಂಚು ಉದ್ದಕ್ಕೆ ಉಗುರಿನಿಂದ ಒತ್ತಿ. ಆ ಮಡಿಕೆಯನ್ನು ಫುಟ್ ಅಡಿಯಲ್ಲಿಟ್ಟು ಮೂರು ನಾಲ್ಕು ಹೊಲಿಗೆ ಹಾಕಿ, ಹಿಂದಿನ ಎರಡೂ ದಾರ ಎಡಗೈಯಲ್ಲಿ ಹಿಡಿದಿರಿ. ಸೂಜಿ ಬಟ್ಟೆಯೊಳಗೇ ಇರಲಿ. ಈಗ ಫುಟ್ ಎತ್ತಿ, ಮುಂದಿನ ಮಡಿಕೆಯನ್ನು ಸುರುಳಿಯೊಳಗೆ ಜಾರಿಸಿ, ಫುಟ್ ಇಳಿಸಿ. ಹಿಂದಿನ ದಾರವನ್ನು ಮೆತ್ತಗೆ ಎಳೆಯುತ್ತಾ ನಿಧಾನ ತುಳಿಯಿರಿ. ಒಂದಿಂಚು ದಾಟಿದರೆ ಬಟ್ಟೆ ತಾನೇ ಸುತ್ತಿಕೊಂಡು ಬರುತ್ತದೆ.

ಆಮೇಲಿನ ಕೆಲಸ ಪೂರ್ತಿ ಬಲಗೈಯದು. ಸುರುಳಿಗೆ ಬಟ್ಟೆ ಹೆಚ್ಚು ಕೊಟ್ಟರೆ ಬಾಯಿ ತುಂಬಿ ಅಂಚು ದಪ್ಪವಾಗಿ ಹೊಲಿಗೆಯಿಂದ ಆಚೆ ಹೋಗುತ್ತದೆ. ಕಡಿಮೆ ಕೊಟ್ಟರೆ ಒಂದೇ ಮಡಿಕೆ ಬಿದ್ದು ನೂಲು ಹೊರಗೆ ಇಣುಕುತ್ತದೆ. ಇಣುಕಿದರೆ ಬಟ್ಟೆ ಸ್ವಲ್ಪ ಹೆಚ್ಚು ಕೊಡಿ, ತುಂಬಿದರೆ ಕಡಿಮೆ. ಬಟ್ಟೆಯನ್ನು ಮೇಜಿನ ಮೇಲೆ ಚಪ್ಪಟೆ ಬಿಡಬೇಡಿ, ಅಂಚನ್ನು ಒಂದು ಸ್ವಲ್ಪ ಎತ್ತಿ ಹಿಡಿದು ಕೊಡಬೇಕು. ಕಾಟನ್, ವಾಯಿಲ್, ಶಿಫಾನ್‌ಗೆ 11 ನಂಬರಿನ ಸೂಜಿ ಸಾಕು. ಕ್ರಾಸಿನಲ್ಲಿ ಕತ್ತರಿಸಿದ ಅಂಚಿಗೆ ಈ ಫುಟ್ ಕಷ್ಟ, ಬಟ್ಟೆ ಎಳೆದು ಅಲೆ ಅಲೆಯಾಗುತ್ತದೆ.

2ನೇದರಲ್ಲೂ ಕೆಲಸ ಇದೇ, ಮಡಿಕೆ ಮಾತ್ರ ಅಗಲ. ತಿರುಪು ಸಡಿಲಿಸಿ ಬೇಕಾದ ಗೆರೆಗೆ ಇಟ್ಟುಕೊಂಡರೆ ಸುಮಾರು 1 ಇಂಚಿನ ತನಕ ಹೋಗುತ್ತದೆ. ಲಂಗದ ಅಂಚು, ದಿಂಬಿನ ಕವರಿಗೆ ಚೆನ್ನ.

4ನೇ ಬೈಂಡರಿಗೆ ಕ್ರಾಸ್ ಪಟ್ಟಿ ಬೇಕು, ನೂಲಿಗೆ 45 ಡಿಗ್ರಿ ಓರೆಯಾಗಿ ಕತ್ತರಿಸಿದ್ದು. ಮಡಿಸದ ಪಟ್ಟಿ ಆಲಿಕೆಯ ಮೂತಿಗೆ ಹೋಗುತ್ತದೆ, ಅಗಲ 15/16 ಇಂಚು, ಅಂದರೆ 24 ಮಿಲಿಮೀಟರ್. ಅಂಗಡಿಯ ರೆಡಿ ಮಡಿಸಿದ ಪಟ್ಟಿ ಪಕ್ಕದ ಸೀಳುಗಳಿಗೆ, ಕಾಲಿಂಚಿನಿಂದ ಅರ್ಧ ಇಂಚಿನ ತನಕ. ತುದಿಯನ್ನು ಚೂಪಾಗಿ ಕತ್ತರಿಸಿ, ಪಿನ್ನಿನಿಂದ ತಳ್ಳಿ ಹೊರಗೆಳೆಯಿರಿ. ಅಂಚು ಕಟ್ಟಬೇಕಾದ ಬಟ್ಟೆ ನಡುವಿನ ಬಾಯಿಗೆ, ಪೂರ್ತಿ ಒಳತನಕ. ಪಟ್ಟಿ ಒಂದೆರಡು ಮಿಲಿಮೀಟರ್ ಅಗಲ ಹೆಚ್ಚಿದ್ದರೂ ಮೂತಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಕಡಿಮೆಯಾದರೆ ಅಡಿಯ ಮಡಿಕೆ ಹೊಲಿಗೆಗೆ ಸಿಗುವುದಿಲ್ಲ, ತಿರುಗಿಸಿ ನೋಡಿದಾಗಲೇ ಗೊತ್ತಾಗುವುದು.

7 ಜಿಪ್ ಫುಟ್. 8ನೇದು ಸವೆದು ಹೋದ ಮಾಮೂಲಿ ಫುಟ್ ಇರಬೇಕು, ಬಿಸಾಡಿ.

ದರ್ಜಿ, ಕುಶಾಲನಗರ

ಅಕ್ಕಾ, 8ನ್ನು ಬಿಸಾಡಿಸಬೇಡಿ. ಸವೆದ ಫುಟ್ ಅಡಿಯಲ್ಲಿ, ಬಟ್ಟೆ ಮುಂದೆ ತಳ್ಳುವ ಮಷೀನಿನ ಹಲ್ಲಿನ ಜಾಡು ಎರಡು ಗೀರಾಗಿ ಕಾಣುತ್ತದೆ, ಹಿಂಭಾಗ ಎತ್ತಿಕೊಂಡಿರುವುದಿಲ್ಲ. ಮುಂದೆ ದಪ್ಪ, ಹಿಂದೆ ಎತ್ತಿದ್ದು ಅಂದರೆ ಗ್ಯಾದರಿಂಗ್ ಫುಟ್. ಸೂಜಿಯ ಮುಂದೆ ಬಟ್ಟೆಯನ್ನು ಬಿಗಿ ಹಿಡಿದು, ಹಿಂದೆ ಸಡಿಲ ಬಿಡುತ್ತದೆ. ಹಾಗಾಗಿ ಹೊಲಿಗೆ ಬೀಳುತ್ತಿದ್ದ ಹಾಗೇ ಬಟ್ಟೆ ಸುಕ್ಕು ಕಟ್ಟಿ, ಆ ಸುಕ್ಕು ನಿಲ್ಲುತ್ತದೆ. ಹೊಲಿಗೆ ಉದ್ದ ಮಾಡಿದಷ್ಟೂ, ಮೇಲಿನ ಟೆನ್ಶನ್ ಬಿಗಿ ಮಾಡಿದಷ್ಟೂ ಸುಕ್ಕು ಹೆಚ್ಚು. ಫ್ರಾಕಿನ ತೋಳಿಗೆ, ತೆಳು ಬಟ್ಟೆಗೆ ರಫ್ಲರಿಗಿಂತ ಇದೇ ಸಲೀಸು. ದಪ್ಪ ಬಟ್ಟೆಗೆ ಇದು ಏನೂ ಮಾಡುವುದಿಲ್ಲ.

7ನೇದು ಜಿಪ್ಪಿಗೂ ಹೌದು, ಪೈಪಿಂಗ್ ದಾರಕ್ಕೂ ಹೌದು. ಬೆರಳಿನ ಎರಡೂ ಪಕ್ಕ ಸೂಜಿಗೆ ಸಣ್ಣ ಕಚ್ಚು ಇರುತ್ತದೆ. ಫುಟ್ ಜಾರಿಸಿ, ಚಕ್ರವನ್ನು ಕೈಯಲ್ಲಿ ತಿರುಗಿಸಿ, ಸೂಜಿ ಕಚ್ಚಿನ ನಡುವೆ ಇಳಿಯುವುದನ್ನು ನೋಡಿದ ಮೇಲೆಯೇ ತಿರುಪು ಬಿಗಿಯಿರಿ.

ಕುಪ್ಯದ ವಿಷಯ. ಉಣ್ಣೆ ಸೂಟಿಂಗನ್ನು 1ಕ್ಕೂ 2ಕ್ಕೂ ತೂರಿಸಬೇಡಿ. ಅವು ತೆಳು ಬಟ್ಟೆಗೆ ಮಾಡಿದ ಸುರುಳಿಗಳು, ಉಣ್ಣೆ ಒಳಗೆ ಹೋದರೆ ಅಲ್ಲೇ ನಿಂತು ಹಲ್ಲು ಬಟ್ಟೆಯನ್ನು ಕೆರೆಯುತ್ತದೆ. ಕೆಳ ಅಂಚನ್ನು ಮಡಿಸಿ, ಒದ್ದೆ ಬಟ್ಟೆ ಮೇಲಿಟ್ಟು ಇಸ್ತ್ರಿ ಒತ್ತಿ, ಮಾಮೂಲಿ ಫುಟ್ ಹಾಕಿ. ಜೊತೆಗೆ ನಿಮ್ಮ 9ನೇ ಗೈಡ್ ಕಟ್ಟಿಕೊಳ್ಳಿ: ಸೂಜಿಯ ಬಲಗಡೆ, ಮಷೀನಿನ ಹಾಸಿನಲ್ಲಿ ಅದಕ್ಕೆಂದೇ ತಿರುಪಿನ ತೂತು ಇದೆ, ಧೂಳು ತುಂಬಿರುತ್ತದೆ. ಸೂಜಿಯಿಂದ ಗೈಡಿಗೆ ಎಷ್ಟು ದೂರವೋ ಹೊಲಿಗೆ ಅಷ್ಟೇ ದೂರದಲ್ಲಿ ನೇರ ಹೋಗುತ್ತದೆ. 16 ನಂಬರಿನ ಸೂಜಿ, ನಾಲ್ಕು ಪದರ ಸೇರುವ ಕಡೆ 18. ಇಂಚಿಗೆ 8ರಿಂದ 9 ಹೊಲಿಗೆ. ಫುಟ್ಟಿನ ಒತ್ತಡ ಒಂದೆರಡು ಸುತ್ತು ಸಡಿಲ. ಪಕ್ಕದ ಜೋಡಣೆಯ ಗುಡ್ಡೆ ಬಂದಾಗ ಫುಟ್ ಮೂತಿ ಎತ್ತಿ ಹೊಲಿಗೆ ಸಣ್ಣದಾಗುತ್ತದೆ. ಅದೇ ಬಟ್ಟೆಯ ಚೂರನ್ನು ಅಷ್ಟೇ ದಪ್ಪಕ್ಕೆ ಮಡಿಸಿ ಫುಟ್ಟಿನ ಹಿಂಬದಿ ಅಡಿಗೆ ಕೊಡಿ, ಮಟ್ಟವಾಗಿ ದಾಟುತ್ತದೆ. ಕೈಲ್‌ಪೊಳ್ದು ಹಬ್ಬಕ್ಕೆ ಎರಡು ದಿನ ಇರುವಾಗ ಈ ಪ್ರಯೋಗ ಬೇಡ, ಚೂರು ಬಟ್ಟೆಯಲ್ಲಿ ಈಗಲೇ ಮಾಡಿ ನೋಡಿ.

3ನೇ ಎಡ್ಜ್ ಸ್ಟಿಚರ್ ಲೇಸ್ ಹಚ್ಚಲು. ಲೇಸ್ ಒಂದು ಸೀಳಿಗೆ, ಬಟ್ಟೆಯ ಅಂಚು ಇನ್ನೊಂದಕ್ಕೆ. ಎರಡೂ ಅಂಚು ಒಂದರ ಮೇಲೊಂದು ಕೂದಲೆಳೆಯಷ್ಟೇ ಬಂದು ಹೊಲಿಗೆ ಅಲ್ಲೇ ಬೀಳುತ್ತದೆ. ಮೇಲಿನ ಹಿಡಿಕೆ ಜರುಗಿಸಿದರೆ ಅಂಚಿನಿಂದ ಹೊಲಿಗೆಯ ದೂರ ಬದಲಾಗುತ್ತದೆ.

ಸೂಜಿದಾರ, ಸೋಮವಾರಪೇಟೆ

ಅಳೆದೆ, ಅರ್ಧ ಇಂಚಿಗಿಂತ ಒಂದು ಗೆರೆ ಮೇಲೆ. ಲೋ ಶ್ಯಾಂಕ್. 2ರ ಮೇಲೆ 35931, 3ರ ಮೇಲೆ 36865 ಓದಲು ಸಿಕ್ಕಿತು. 10 ನೀವು ಹೇಳಿದ ಹಾಗೇ ಎತ್ತಿದರೂ ಪ್ಲೇಟ್ ಬಿಡುವುದಿಲ್ಲ. ಹೆಮ್ಮರ್ ಮೂರನೇ ಸಲಕ್ಕೆ ಕೂತಿತು, ಮೂಲೆ ಕತ್ತರಿಸದೇ ಇದ್ದದ್ದೇ ತಪ್ಪಾಗಿತ್ತು.

ರಫ್ಲರ್ ಮಾತ್ರ ಆಗುತ್ತಿಲ್ಲ. ಕವೆಯನ್ನು ಸೂಜಿಯ ತಿರುಪಿಗೆ ಸಿಕ್ಕಿಸಿದ್ದೇನೆ. 12ರಲ್ಲಿಟ್ಟರೆ ನೆರಿಗೆ ಬರುವುದೇ ಇಲ್ಲ. 1ರಲ್ಲಿಟ್ಟರೆ ಟಕ್ ಟಕ್ ಸದ್ದು, ಎರಡು ಸೂಜಿ ಮುರಿಯಿತು. ಬಟ್ಟೆಯನ್ನು ಫುಟ್ ಅಡಿಗೆ ಮಾಮೂಲಿನಂತೆ ಕೊಡುತ್ತಿದ್ದೇನೆ.

ತಿರುಪುಳಿ, ಗೋಣಿಕೊಪ್ಪ

ಕೊನೇ ಸಾಲಿನಲ್ಲೇ ಒಂದು ಕಾರಣ ಇದೆ. ಮಾಮೂಲಿನಂತೆ ಅಡಿಗೆ ಕೊಟ್ಟರೆ ನೆರಿಗೆ ಆಗುವುದಿಲ್ಲ. ನೀಲಿ ಪಟ್ಟಿ ಎರಡಿವೆಯಲ್ಲ, ನೆರಿಗೆ ಆಗಬೇಕಾದ ಬಟ್ಟೆ ಅವೆರಡರ ನಡುವೆ ಹೋಗಬೇಕು. ಮೇಲಿನ ಪಟ್ಟಿಯ ಹಲ್ಲು ಬಟ್ಟೆಯನ್ನು ತಳ್ಳುತ್ತದೆ, ಕೆಳಗಿನದು ಮಷೀನಿನ ಹಲ್ಲಿನಿಂದ ಅದನ್ನು ಬೇರೆ ಇಡುತ್ತದೆ. ಫ್ರಿಲ್ಲನ್ನು ಹಾಗೇ ಫ್ರಾಕಿಗೆ ಹಚ್ಚುವುದಾದರೆ ಫ್ರಾಕಿನ ಬಟ್ಟೆ ಕೆಳಗಿನ ಪಟ್ಟಿಯ ಅಡಿಗೆ, ನೇರ ಹಲ್ಲಿನ ಮೇಲೆ.

12ರಲ್ಲಿ ಬರಲಿಲ್ಲ ಅಂದಿದ್ದು ಅರ್ಧ ನಿಮ್ಮ ಲೆಕ್ಕದ ತಪ್ಪು. 12 ಅಂದರೆ 12 ಹೊಲಿಗೆಗೆ ಒಂದು ನೆರಿಗೆ. ಇಂಚಿಗೆ 8 ಹೊಲಿಗೆ ಇಟ್ಟಿದ್ದರೆ ಒಂದೂವರೆ ಇಂಚಿಗೆ ಒಂದು. ಎರಡಿಂಚು ಹೊಲಿದು ನೋಡಿದರೆ ಕಾಣುವುದು ಒಂದೇ. 6ರಲ್ಲಿ ಆರಕ್ಕೊಂದು, 1ರಲ್ಲಿ ಪ್ರತಿ ಹೊಲಿಗೆಗೂ. ನಕ್ಷತ್ರ ಅಥವಾ ಸೊನ್ನೆಯ ಗುರುತಿದ್ದರೆ ಅದು ನೆರಿಗೆ ನಿಲ್ಲಿಸಲು, ನಡುನಡುವೆ ಸಾದಾ ಹೊಲಿಗೆ ಬೇಕಾದಾಗ.

ಸೂಜಿ ಮುರಿದದ್ದಕ್ಕೆ ಇವನ್ನು ನೋಡಿ. ಪಕ್ಕದಲ್ಲಿ ಆಳ ಬದಲಿಸುವ ತಿರುಪಿದೆ, ಒಳಗೆ ಬಿಗಿದಷ್ಟೂ ನೆರಿಗೆ ಆಳ. ಪೂರ್ತಿ ಬಿಗಿದಿದ್ದರೆ ಪಟ್ಟಿಯ ಹಲ್ಲು ಸೂಜಿಯ ದಾರಿಗೇ ಬರುತ್ತದೆ. ಅದನ್ನು ಮೂರು ಸುತ್ತು ಹೊರಗೆ ಬಿಡಿ. ಸೂಜಿ ಕಡ್ಡಿಯನ್ನು ಪೂರ್ತಿ ಮೇಲೆತ್ತಿ ರಫ್ಲರ್ ಕಟ್ಟಿ, ಕವೆ ತಿರುಪಿನ ಕತ್ತನ್ನು ಪೂರ್ತಿ ಅಪ್ಪಿರಬೇಕು. ಸೂಜಿಯ ತಿರುಪನ್ನು ಯಾರಾದರೂ ಗಿಡ್ಡದಕ್ಕೆ ಬದಲಿಸಿದ್ದರೆ ಕವೆ ಜಾರುತ್ತದೆ, ಟಕ್ ಟಕ್ ಅದರದ್ದೇ. ಬಟ್ಟೆ ಇಲ್ಲದೆ, ದಾರ ಇಲ್ಲದೆ, ಚಕ್ರವನ್ನು ಕೈಯಲ್ಲಿ ನಿಧಾನ ನಾಲ್ಕು ಸುತ್ತು ತಿರುಗಿಸಿ. ಪಟ್ಟಿಯ ತುದಿ ಸೂಜಿಯ ಹತ್ತಿರ ಬರಬೇಕು, ತಾಗಬಾರದು. ಎಲ್ಲಿಯೂ ಕೈಗೆ ತಡೆ ಸಿಗದ ಮೇಲೆಯೇ ಕಾಲಿಡಿ.

ಕಟ್ಟುವ ತಿರುಪನ್ನು ಬೆರಳಲ್ಲಿ ಬಿಗಿದು ಬಿಡಬೇಡಿ, ತಿರುಪುಳಿಯಿಂದ ಕಾಲು ಸುತ್ತು ಒತ್ತಿ. ರಫ್ಲರ್ ಭಾರದ್ದು, ಅದುರಿಗೆ ಸಡಿಲವಾಗಿ ಒಂದು ಕೂದಲು ವಾಲಿದರೂ ಸೂಜಿ ಹೋಗುತ್ತದೆ.

ದರ್ಜಿ, ಕುಶಾಲನಗರ

ಫ್ರಿಲ್ಲಿಗೆ ಬಟ್ಟೆ ಎಷ್ಟು ಬೇಕು ಅನ್ನುವುದನ್ನೂ ಈಗಲೇ ನೋಡಿಕೊಳ್ಳಿ. ಅದೇ ಬಟ್ಟೆಯ 10 ಇಂಚಿನ ಚೂರನ್ನು ರಫ್ಲರಿಗೆ ಕೊಡಿ. 5 ಇಂಚಾಗಿ ಹೊರಬಂದರೆ ಎರಡರಷ್ಟು ಬೇಕು ಅಂತ ಲೆಕ್ಕ, 24 ಇಂಚಿನ ಸೊಂಟಕ್ಕೆ 48 ಇಂಚು ಪಟ್ಟಿ, ಜೊತೆಗೆ ಜೋಡಣೆಗೆ ಒಂದಿಂಚು. ಹೊಲಿಗೆಯ ಉದ್ದ ಬದಲಿಸಿದರೆ ಲೆಕ್ಕವೂ ಬದಲು, ಚೂರನ್ನು ಮತ್ತೆ ಓಡಿಸಿ.

ಬಾಬಿನ್ ಅಕ್ಕ, ವಿರಾಜಪೇಟೆ

8ರ ಮಾತು ಒಪ್ಪಿದೆ ದರ್ಜಿ ಅಣ್ಣ, ನನ್ನ ಡಬ್ಬಿಯದನ್ನೂ ತಿರುಗಿಸಿ ನೋಡಿದೆ.

ತುಕ್ಕಿಗೆ ಯಾರೂ ಉತ್ತರ ಬರೆದಿಲ್ಲ. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ. ಹೆಮ್ಮರಿನ ಸುರುಳಿಯೊಳಗೆ ಬ್ರಶ್ ಹೋಗುವುದಿಲ್ಲ, ದಪ್ಪ ನೂಲಿಗೆ ಸೀಮೆಎಣ್ಣೆ ಹಚ್ಚಿ ಒಳಗಿಂದ ಹಿಂದೆ ಮುಂದೆ ಎಳೆಯಿರಿ. ಫುಟ್ಟಿನ ಅಡಿಯಲ್ಲಿ ಉಗುರಿಗೆ ಸಿಗುವ ಗೀರಿದ್ದರೆ ಮಾತ್ರ ಅತಿ ನಯವಾದ ಎಮರಿ ಕಾಗದದಲ್ಲಿ ಉದ್ದಕ್ಕೆ ತೀಡಿ, ಅಡ್ಡಕ್ಕೆ ಬೇಡ. ರಫ್ಲರಿನ ನೀಲಿ ಪಟ್ಟಿಗೆ ಎಮರಿ ಮುಟ್ಟಿಸಲೇಬೇಡಿ, ತೆಳುವಾದರೆ ಸ್ಪ್ರಿಂಗ್ ಗುಣ ಹೋಗುತ್ತದೆ. ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿ ಮಷೀನ್ ಎಣ್ಣೆ ಸವರಿ. ಕೊಬ್ಬರಿ ಎಣ್ಣೆ ಹಾಕಿದರೆ ನಾಲ್ಕು ತಿಂಗಳಲ್ಲಿ ಅಂಟಾಗಿ ಜಾರುವ ಪಟ್ಟಿಗಳೆಲ್ಲ ಕೂತುಬಿಡುತ್ತವೆ.

ಹೊಲಿಯುವ ಮೊದಲು ಬಿಳಿ ಚೂರಿನ ಮೇಲೆ ಒಂದು ಮೊಳ ಓಡಿಸಿ. ಎಣ್ಣೆ, ತುಕ್ಕಿನ ಕಲೆ ಬಿಡುವುದಾದರೆ ಅದಕ್ಕೇ ಬಿಡಲಿ, ವಸ್ತ್ರಕ್ಕೆ ಬೇಡ. ಮಳೆಗಾಲಕ್ಕೆ ಆ ತಗಡಿನ ಡಬ್ಬಿ ಆಗದು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಸಿಲಿಕಾ ಜೆಲ್ಲಿನ ಎರಡು ಪೊಟ್ಟಣ ಇಡಿ. ಅಡಿಗೆ ಸ್ಪಂಜು ಹಾಸಬೇಡಿ, ಜೂನಿನಲ್ಲಿ ಹೀರಿದ ನೀರನ್ನು ಸೆಪ್ಟೆಂಬರಿನ ತನಕ ಅದು ಬಿಡುವುದಿಲ್ಲ.

ಸೂಜಿದಾರ, ಸೋಮವಾರಪೇಟೆ

ಬಟ್ಟೆಯನ್ನು ಪಟ್ಟಿಗಳ ನಡುವೆ ಕೊಟ್ಟೆ, ಆಳದ ತಿರುಪು ಮೂರು ಸುತ್ತು ಬಿಟ್ಟೆ. 6ರಲ್ಲಿ ಓಡುತ್ತಿದೆ, ಸದ್ದಿಲ್ಲ. 10 ಇಂಚು ಕೊಟ್ಟರೆ 6 ಬರುತ್ತಿದೆ. 1ಕ್ಕೆ ನಾಳೆ ಹಗಲು ಬೆಳಕಲ್ಲಿ ಹಾಕುತ್ತೇನೆ.